ಹೂವು ಊರಿಗೆ, ಚಕ್ಕೆ ನಮಗೆ

ತಂಗಡಿ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ. ಯಾರೂ ಬೇಲಿ ಕಟ್ಟುವುದಿಲ್ಲ. ನೇಗಿಲು ಮುಟ್ಟದ, ಗೊಬ್ಬರ ಕಾಣದ, ಪಹಣಿಯಲ್ಲಿ ಖರಾಬು ಎಂದು ಬರೆದು ಕೈಬಿಟ್ಟ ನೆಲದಲ್ಲಿ ಅದು ತಾನಾಗಿ ಹುಟ್ಟುತ್ತದೆ, ತಾನಾಗಿ ಬೆಳೆಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆ ಬಸ್ಸಿನಲ್ಲಿ ಹೋದವರು ಅದನ್ನು ಕಂಡೇ ಇರುತ್ತೀರಿ. ಆಳೆತ್ತರದ ಪೊದೆ, ಹುಣಸೆ ಎಲೆಗಿಂತ ಸ್ವಲ್ಪ ದೊಡ್ಡ ಎಲೆ, ಗೊಂಚಲು ಗೊಂಚಲು ಹಳದಿ ಹೂ, ಕಾಗದದಂಥ ಚಪ್ಪಟೆ ಕಾಯಿ. ಶೇಂಗಾ ಒಣಗಿಹೋದ ವರ್ಷವೂ ಅದು ಹೂ ಬಿಟ್ಟಿರುತ್ತದೆ. ಒಗರು ಜಾಸ್ತಿ, ಅದಕ್ಕೇ ದನ ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಕೆಲವು ಕಡೆ ಇದನ್ನು ತಂಗಟೆ ಅಂತಾರೆ, ಆವರಿಕೆ ಅಂತಾರೆ. ತೆಲುಗರಿಗೆ ಇದು ತಂಗೇಡು, ತಮಿಳರಿಗೆ ಆವಾರೈ, ಮರಾಠಿಯವರಿಗೆ ತರವಡ. ಎಲೆಯ ಬುಡದಲ್ಲಿ ಕಿವಿಯ ಆಕಾರದ ಪುಟ್ಟ ಎಲೆಯೊಂದು ಅಂಟಿಕೊಂಡಿರುತ್ತದೆ. 1753ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಆ ಕಿವಿಯನ್ನು ಹಿಡಿದೇ ಇದಕ್ಕೆ ಲ್ಯಾಟಿನ್ ಹೆಸರು ಕೊಟ್ಟ. ಈಗಿನ ಹೆಸರು ಸೆನ್ನಾ ಆರಿಕ್ಯುಲೇಟಾ. ತೆಲಂಗಾಣ ರಾಜ್ಯವಾದಾಗ, 2014ರಲ್ಲಿ, ಅಲ್ಲಿನ ಸರ್ಕಾರ ಇದನ್ನೇ ತನ್ನ ರಾಜ್ಯದ ಹೂವೆಂದು ಸಾರಿತು. ಅಲ್ಲಿನ ಹೆಣ್ಣುಮಕ್ಕಳು ಬತುಕಮ್ಮ ಹಬ್ಬದಲ್ಲಿ ಈ ಹೂವನ್ನು ಜೋಡಿಸಿ ಸುತ್ತ ಕುಣಿಯುತ್ತಾರೆ.

ಇಷ್ಟನ್ನು ಯಾರು ಬೇಕಾದರೂ ಬರೆಯಬಹುದು. ನಾವು ಬರೆಯಬೇಕಾದ್ದು ಬೇರೆ ಇದೆ. ನಾವು ಅಂದರೆ ಯಾರು ಅನ್ನೋದನ್ನೂ ಮೊದಲೇ ಹೇಳಿಬಿಡುತ್ತೇವೆ. ಊರಾಚೆಯ ಮಾದಿಗರ ಹಟ್ಟಿಯಲ್ಲಿ ಹುಟ್ಟಿದವರು ನಾವು. ನಮ್ಮ ತಾತಂದಿರು ತೊಗಲು ಹದ ಮಾಡಿದರು. ನಮ್ಮ ಅಪ್ಪಂದಿರು ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೂಲಿಗೆ ಹೋದರು. ನಾವು ನಾಲ್ಕಕ್ಷರ ಕಲಿತು ಈ ಪತ್ರಿಕೆಗೆ ಬರೆಯುತ್ತಿದ್ದೇವೆ. ಈ ಮೂರು ತಲೆಮಾರಿನ ನಡುವೆ ಒಂದು ಗಿಡ ನಿಂತಿದೆ. ಆ ಗಿಡದ ಔಷಧಗುಣದ ಬಗ್ಗೆ ಈಚೆಗೆ ಬಹಳ ಮಾತು ಕೇಳಿಬರುತ್ತಿದೆ. ಆದ್ದರಿಂದ ನಮ್ಮ ಮಾತೂ ಒಂದಿಷ್ಟು ಇರಲಿ.

ನಮ್ಮ ಸೀಮೆಯಲ್ಲಿ ದೀಪಾವಳಿಗೆ ಕೊಟ್ಟಿಗೆಯಲ್ಲಿ ಸಗಣಿಯ ಹಟ್ಟೆವ್ವನನ್ನು ಮಾಡಿ ಇಡುತ್ತಾರೆ. ಅವಳ ತಲೆಗೆ ಉತ್ತರಾಣಿ ಕಡ್ಡಿ, ತಂಗಡಿ ಹೂ ಸಿಕ್ಕಿಸುತ್ತಾರೆ. ಹೂ ತಂದುಕೊಡುವವರು ಎಷ್ಟೋ ಮನೆಗಳಿಗೆ ನಮ್ಮ ಹಟ್ಟಿಯ ಮಕ್ಕಳೇ. ಹೂ ಹೊಸ್ತಿಲು ದಾಟುತ್ತದೆ. ತಂದ ಮಗು ಅಂಗಳದಲ್ಲೇ ನಿಲ್ಲುತ್ತದೆ. ಅದೇ ಕೊಟ್ಟಿಗೆಯ ದನ ಸತ್ತ ದಿನ ಮಾತ್ರ ನಮ್ಮ ತಾತನಿಗೆ ಒಳಗಿನವರೆಗೂ ಕರೆ ಬರುತ್ತಿತ್ತು. ಹೆಣ ಹೊತ್ತು ತರಬೇಕು, ಸುಲಿಯಬೇಕು, ಆ ತೊಗಲನ್ನು ಅದೇ ತಂಗಡಿಯ ಚಕ್ಕೆಯಲ್ಲಿ ಹದ ಮಾಡಬೇಕು. ದನ ಬದುಕಿದ್ದಾಗ ಅದರ ಸಗಣಿಗೆ ತಂಗಡಿ ಹೂ, ಸತ್ತ ಮೇಲೆ ಅದರ ತೊಗಲಿಗೆ ತಂಗಡಿ ಚಕ್ಕೆ. ಹೂ ಮುಟ್ಟಿದವರು ಮಡಿ, ಚಕ್ಕೆ ಮುಟ್ಟಿದವರು ಮೈಲಿಗೆ. ಗಿಡ ಒಂದೇ.

ಹದ ಮಾಡೋದು ಅಂದರೇನು ಅಂತ ನಮ್ಮ ಓದುಗರಲ್ಲಿ ಬಹಳ ಜನ ಕಂಡಿರಲಿಕ್ಕಿಲ್ಲ. ಹೇಳುತ್ತೇವೆ. ಸುಲಿದ ತೊಗಲನ್ನು ಮೊದಲು ನೀರಿಗೆ ಹಾಕಿ ರಕ್ತ, ಕೊಳೆ ತೊಳೆಯಬೇಕು. ಆಮೇಲೆ ಸುಣ್ಣದ ಗುಂಡಿಗೆ ಇಳಿಸಬೇಕು. ಸುಣ್ಣ ಕೂದಲಿನ ಬುಡ ಸಡಿಲ ಮಾಡುತ್ತದೆ. ದಿನಗಳು ಕಳೆದ ಮೇಲೆ ತೆಗೆದು ಒಂದು ಕಡೆ ಕೂದಲು, ಇನ್ನೊಂದು ಕಡೆ ಅಂಟಿದ ಮಾಂಸ ಹೆರೆಯಬೇಕು. ಸುಣ್ಣ ಹೋಗೋವರೆಗೆ ತುಳಿದು ತುಳಿದು ತೊಳೆಯಬೇಕು. ಅಷ್ಟೊತ್ತಿಗೆ ಹೆಂಗಸರು ಗುಡ್ಡದಿಂದ ತಂಗಡಿ ಕಡ್ಡಿ ಹೊರೆ ಹೊತ್ತು ತಂದು, ಬಡಿದು, ಚಕ್ಕೆ ಬಿಡಿಸಿ, ಕುಟ್ಟಿ ಇಟ್ಟಿರುತ್ತಿದ್ದರು. ಚಕ್ಕೆ ನೆನೆಸಿದ ನೀರಿನ ಗುಡಾಣದಲ್ಲಿ ತೊಗಲು ಕೆಲವು ದಿನ ಇರಬೇಕು. ಮೊದಲು ತೆಳ್ಳನೆ ನೀರು, ಆಮೇಲೆ ಗಟ್ಟಿ ನೀರು. ಮೊದಲೇ ಗಟ್ಟಿ ನೀರಿಗೆ ಹಾಕಿದರೆ ಮೇಲೆ ಮಾತ್ರ ಬಿಗಿದುಕೊಂಡು ಒಳಗೆ ಹಸಿಯಾಗೇ ಉಳಿಯುತ್ತದೆ. ಕೊನೆಗೆ ತೊಗಲನ್ನು ಚೀಲದ ಹಾಗೆ ಹೊಲಿದು, ಮರಕ್ಕೆ ನೇತುಹಾಕಿ, ಒಳಗೆ ಚಕ್ಕೆ ತುಂಬಿ ನೀರು ಹೊಯ್ಯಬೇಕು. ಅದು ತೊಟ್ಟಿಕ್ಕುತ್ತದೆ, ಕೆಳಗಿಟ್ಟ ಮಡಕೆಯಲ್ಲಿ ಹಿಡಿದು ಮತ್ತೆ ಮೇಲಕ್ಕೆ ಹೊಯ್ಯಬೇಕು. ಹೀಗೆ ಹಗಲೂ ರಾತ್ರಿ. ಆಮೇಲೆ ಎಣ್ಣೆ, ನೆರಳು, ತಿಕ್ಕಾಟ. ಅದರಿಂದ ಬಾವಿಯ ಕಪಿಲೆಗೆ ಬಾನಿ ಆಗಬೇಕು, ಬಂಡಿಗೆ ಮಿಣಿ ಆಗಬೇಕು, ಊರಿಗೆಲ್ಲ ಎಕ್ಕಡ ಆಗಬೇಕು. ಕೂಲಿ? ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಆಯ ಅಂತ ಹಾಕಿದಷ್ಟು ಕಾಳು.

ತೊಗಲಿನಲ್ಲಿರುವುದು ಕೊಲಾಜೆನ್ ಎಂಬ ಎಳೆಎಳೆಯಾದ ಪ್ರೋಟೀನು. ಹಸಿಯಾಗಿ ಬಿಟ್ಟರೆ ಕೊಳೆಯುತ್ತದೆ, ಬರೀ ಒಣಗಿಸಿದರೆ ಹಲಗೆಯಾಗುತ್ತದೆ. ತಂಗಡಿ ಚಕ್ಕೆಯಲ್ಲಿ ನೂರಕ್ಕೆ 18ರ ಆಸುಪಾಸು ಟ್ಯಾನಿನ್ ಎಂಬ ಒಗರಿನ ಅಂಶ ಇರುತ್ತದೆ. ಅದು ಕೊಲಾಜೆನ್ನಿನ ಎಳೆಗಳನ್ನು ಹಿಡಿದು ಒಂದಕ್ಕೊಂದು ಬೆಸೆಯುತ್ತದೆ, ಕೊಳೆಸುವ ಜೀವಾಣುಗಳಿಗೆ ದಕ್ಕದಂತೆ ಮಾಡುತ್ತದೆ. ಇಂಗ್ಲಿಷ್ ಪುಸ್ತಕ ಓದಿದ ಮೇಲೆ ನಮಗೆ ಇದರ ಹೆಸರು ಗೊತ್ತಾಯಿತು. ತಾತನಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಗುಡಾಣದ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೂ ಒಗ್ರು ಸಾಲ್ದು ಕಣ್ಲಾ, ಇನ್ನೊಂದು ಹೊರೆ ಚಕ್ಕೆ ಹಾಕು" ಅನ್ನುತ್ತಿದ್ದ. ಅದು ಅವನ ಪ್ರಯೋಗಶಾಲೆ.

ಈಗ ಔಷಧದ ಮಾತು. ತೊಗಲನ್ನು ಬಿಗಿ ಮಾಡುವ ಆ ಒಗರೇ ನಮ್ಮ ಹಟ್ಟಿಯ ಔಷಧ. ಬಾಯಿ ಹುಣ್ಣಾದರೆ, ವಸಡು ಸಡಿಲವಾಗಿ ರಕ್ತ ಬಂದರೆ ಅಜ್ಜಿ ಚಕ್ಕೆ ಕುದಿಸಿ ಆರಿಸಿ ಮುಕ್ಕಳಿಸಲು ಕೊಡುತ್ತಿದ್ದಳು. ಕಡ್ಡಿಯಲ್ಲೇ ಹಲ್ಲುಜ್ಜುತ್ತಿದ್ದೆವು. ಬೇಧಿ ಹತ್ತಿದರೆ ಅದೇ ಕಷಾಯ ಒಂದೆರಡು ಗುಟುಕು. ಟ್ಯಾನಿನ್ ಬಾಯಿಯ, ಕರುಳಿನ ಒಳಪದರದ ಪ್ರೋಟೀನನ್ನು ಹಿಡಿದು ಮೇಲೆ ಒಂದು ತೆಳುವಾದ ಬಿಗಿ ಪೊರೆ ಕಟ್ಟುತ್ತದೆ. ಸೋರುವುದು ಕಡಿಮೆಯಾಗುತ್ತದೆ, ಉರಿ ತಗ್ಗುತ್ತದೆ. ಗುಡಾಣದಲ್ಲಿ ನಡೆಯುತ್ತಿದ್ದುದೂ ಇದೇ ಕ್ರಿಯೆ. ಊರಿನವರ ತ್ರಿಫಲ ಚೂರ್ಣದಲ್ಲಿರುವ ಅಳಲೆಕಾಯಿಯನ್ನೂ ಚರ್ಮದ ಕೊನೆಯ ಹದಕ್ಕೆ ಬಳಸುತ್ತಾರೆ. ಅಳಲೆಕಾಯಿ ವೈದ್ಯನ ಪೆಟ್ಟಿಗೆಯಲ್ಲಿದ್ದರೆ ಶಾಸ್ತ್ರ, ಚರ್ಮದ ತೊಟ್ಟಿಯಲ್ಲಿದ್ದರೆ ಹೊಲಸು.

ಹೂವಿನ ಉಪಯೋಗ ಬೇರೆ. ನೆರಳಲ್ಲಿ ಒಣಗಿಸಿದ ಹೂವನ್ನು ಹೆಸರುಕಾಳಿನ ಜೊತೆ ಬೀಸಿ ಮೈಗೆ ಹಚ್ಚಿ ಸ್ನಾನ ಮಾಡಿದರೆ ಬೆವರುಸಾಲೆ, ಮೈವಾಸನೆ, ಸಣ್ಣ ಕಜ್ಜಿ ಕಡಿಮೆಯಾಗುತ್ತಿತ್ತು. ಸುಣ್ಣದ ಗುಂಡಿಯಲ್ಲಿ ನಿಂತು ನಿಂತು ಬಿರಿದ ಕಾಲಿಗೆ, ಕೈಗೆ ಅಜ್ಜಿ ಇದನ್ನೇ ಹಚ್ಚುತ್ತಿದ್ದಳು. ಬಿಸಿಲಲ್ಲಿ ದೂರದ ಹಾದಿ ನಡೆಯುವವರು ಎಲೆಯ ಸೊಪ್ಪನ್ನು ತಲೆ ಮೇಲಿಟ್ಟು ಟವೆಲ್ ಸುತ್ತಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳ ಬಿಳುಪಿಗೆ, ಪದೇ ಪದೇ ಮೂತ್ರಕ್ಕೆ ಏಳುವವರಿಗೆ ಹೂವಿನ ಕಷಾಯ ಕೊಡುತ್ತಿದ್ದರು. ಸಿಂಹಳದಲ್ಲಿ ಇದನ್ನು ರಣವರ ಎಂದು ಕರೆದು ಚಹಾದ ಹಾಗೆ ಕುಡಿಯುತ್ತಾರೆ. ಈ ಗಿಡ ಹೂ ಬಿಟ್ಟಿರುವಾಗ ಸಾಯುವವರುಂಟೇ ಎಂಬ ಅರ್ಥದ ಗಾದೆಯೊಂದು ತಮಿಳರಲ್ಲಿದೆ. ಸಿದ್ಧ ವೈದ್ಯರು ಹೂ, ಎಲೆ, ಕಾಯಿ, ಚಕ್ಕೆ, ಬೇರು ಐದನ್ನೂ ಕೂಡಿಸಿ ಪುಡಿ ಮಾಡುತ್ತಾರೆ. ಆಯುರ್ವೇದದಲ್ಲಿ ಇದರ ಹೆಸರು ಆವರ್ತಕಿ.

ನಮ್ಮ ಅಜ್ಜಿ ಬೀಸಿದ ಪುಡಿಗೆ ಊರೊಳಗೂ ಗಿರಾಕಿ ಇತ್ತು. ಊರ ದೊಡ್ಡ ಮನೆಯ ಸೊಸೆಗೆ ಮೈಯೆಲ್ಲ ತುರಿಕೆ ಎದ್ದಾಗ ಆಳಿನ ಕೈಲಿ ಹೇಳಿಕಳಿಸಿದರು. ಅಜ್ಜಿ ಮುತ್ತುಗದ ಎಲೆಯಲ್ಲಿ ಪುಡಿ ಕಟ್ಟಿಕೊಂಡು ಹೋಗಿ ಹಿತ್ತಿಲ ಬಾಗಿಲ ಹತ್ತಿರ ನೆಲದ ಮೇಲಿಟ್ಟು ದೂರ ಸರಿದಳು. ಒಳಗಿಂದ ಬಂದ ಅತ್ತೆಯಮ್ಮ ತಂಬಿಗೆಯಿಂದ ಪೊಟ್ಟಣದ ಮೇಲೆ ನೀರು ಚಿಮುಕಿಸಿ, ಶುದ್ಧ ಮಾಡಿಕೊಂಡು, ಒಳಗೊಯ್ದಳು. ಪುಡಿಗೆ ನೀರು ಬಿದ್ದರೆ ಏನಾಗುತ್ತದೆ? ಮೂರು ದಿನಕ್ಕೆ ಬೂಷ್ಟು ಹಿಡಿಯಿತು. ಮತ್ತೆ ಆಳು ಬಂದ. "ನಿನ್ ಪುಡಿ ಕೆಟ್ಟೋಗೈತಂತೆ, ಬೇರೆ ಕೊಡ್ಬೇಕಂತೆ." ಅಜ್ಜಿ ಬೇರೆ ಪುಡಿ ಬೀಸಿದಳು. ಈ ಸಲ ಹೊರಡುವಾಗ ಅವನಿಗೆ ಹೇಳಿದಳು: "ಏನಪ್ಪಾ, ಅಮ್ಮಾರಿಗೆ ಹೇಳು. ಈ ಮದ್ದಿಗೆ ಒಂದೇ ಒಂದು ಪಥ್ಯ ಐತೆ, ಮಡಿ ನೀರು ಬೀಳ್ಬಾರ್ದು." ಹಟ್ಟಿಯಲ್ಲಿ ಈ ಮಾತನ್ನು ಹೇಳಿ ಹೇಳಿ ನಗುತ್ತಾರೆ. ನಾವೂ ನಕ್ಕಿದ್ದೇವೆ. ಆದರೆ ಆ ಪುಡಿಗೆ ಅವರು ಕಾಸು ಕೊಟ್ಟದ್ದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಯಾಕಂದರೆ ಕೊಡಲಿಲ್ಲ.

ಹನ್ನೆರಡನೇ ಶತಮಾನದಲ್ಲೇ ಈ ಮಡಿಯನ್ನು ಮುರಿಯುವ ಪ್ರಯತ್ನ ಈ ನೆಲದಲ್ಲಿ ನಡೆಯಿತು. ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ಕೂತರು. ಇವತ್ತು ಅವರ ಜಯಂತಿ ಮಾಡುತ್ತೇವೆ, ಪಟಕ್ಕೆ ಹಾರ ಹಾಕುತ್ತೇವೆ. ಕಕ್ಕಯ್ಯ ತನ್ನ ಕೈಯ ಒಗರನ್ನು ತೊಳೆದುಕೊಂಡು ಬಂದು ಶರಣನಾಗಲಿಲ್ಲ, ಆ ಕೈಯಿಂದಲೇ ಆದ. ಆ ಕೆಲಸದಲ್ಲಿ ಜ್ಞಾನವಿತ್ತು ಅನ್ನುವುದನ್ನು ಹಾರ ಹಾಕುವವರು ಹೇಳುವುದಿಲ್ಲ.

ಆ ಜ್ಞಾನಕ್ಕೆ ಏನಾಯಿತು? ಒಂದು ಕಾಲಕ್ಕೆ ದಕ್ಷಿಣ ಇಂಡಿಯಾದ ಚರ್ಮದ ವ್ಯಾಪಾರವೆಲ್ಲ ಈ ಚಕ್ಕೆಯ ಮೇಲೆ ನಿಂತಿತ್ತು. ಮದರಾಸಿನಿಂದ ಲಂಡನ್ನಿಗೆ ಹಡಗೇರುತ್ತಿದ್ದ, 'ಈಸ್ಟ್ ಇಂಡಿಯಾ' ಚರ್ಮವೆಂದು ಹೆಸರಾದ ಮಾಲು ಹದವಾಗುತ್ತಿದ್ದುದು ತಂಗಡಿ ಚಕ್ಕೆಯಲ್ಲಿ. ಹಣ ಮಾಡಿದವರು ವರ್ತಕರು. 1884ರಲ್ಲಿ ಅಮೆರಿಕದಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಆಯಿತು. 1903ರ ಸುಮಾರಿಗೆ ಆಲ್ಫ್ರೆಡ್ ಚಾಟರ್‌ಟನ್ ಮದರಾಸಿನಲ್ಲಿ ಅದನ್ನು ಪ್ರಯೋಗಕ್ಕಿಳಿಸಿದ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಚಕ್ಕೆಯಲ್ಲೇ ಹದ ಮಾಡುವವರೂ ಆಮೇಲೆ ದಕ್ಷಿಣ ಆಫ್ರಿಕಾದ ವಾಟಲ್ ಮರದ ಚಕ್ಕೆಯನ್ನು ತರಿಸಿಕೊಂಡರು. ಹಳ್ಳಿಯಲ್ಲಿ ಕರೆಂಟು ಬಂದು ಪಂಪುಸೆಟ್ಟು ಕೂತ ಮೇಲೆ ಕಪಿಲೆ ನಿಂತಿತು, ಬಾನಿ ಬೇಡವಾಯಿತು. ಎಕ್ಕಡದ ಜಾಗಕ್ಕೆ ಪ್ಲಾಸ್ಟಿಕ್ ಚಪ್ಪಲಿ ಬಂತು. ಗುಡಾಣಗಳು ಒಡೆದು, ಸುಣ್ಣದ ಗುಂಡಿಗಳು ಮುಚ್ಚಿಹೋದವು.

ನಾವು ಅದಕ್ಕೆ ಅಳಲಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಕೆಲಸ ಬಿಡಿ, ಅದರ ಬಾಡು ಬಿಡಿ ಎಂದು ಹೇಳಿದರು. ಆ ಮಾತು ನಮ್ಮ ಹಟ್ಟಿ ಮುಟ್ಟಲು ಬಹಳ ವರ್ಷ ಹಿಡಿಯಿತು. ಮುಟ್ಟಿದ ದಿನ ನಮ್ಮ ಅಪ್ಪಂದಿರು ಹೆಣ ಎತ್ತುವುದಿಲ್ಲ ಅಂದರು. ಊರು ಬಹಿಷ್ಕಾರ ಹಾಕಿತು, ಅಂಗಡಿಯಲ್ಲಿ ಬೆಂಕಿಪೊಟ್ಟಣ ಹುಟ್ಟಲಿಲ್ಲ, ಕೂಲಿ ನಿಂತಿತು. ಆದರೂ ಎತ್ತಲಿಲ್ಲ. ಈ ಕೆಲಸ ಮಾಡಿದರೂ ಹೊಡೆತ ತಪ್ಪಲಿಲ್ಲ ಅನ್ನುವುದಕ್ಕೆ ಗುಜರಾತಿನ ಊನಾ ಸಾಕ್ಷಿ. 2016ರ ಜುಲೈ 11ರಂದು ಸತ್ತ ಹಸುವಿನ ತೊಗಲು ಸುಲಿಯುತ್ತಿದ್ದ ದಲಿತ ಹುಡುಗರನ್ನು ಬಟ್ಟೆ ಬಿಚ್ಚಿಸಿ, ವಾಹನಕ್ಕೆ ಕಟ್ಟಿ ಹೊಡೆದರು. ಆಮೇಲೆ ಅಲ್ಲಿನ ದಲಿತರು ದನದ ಹೆಣಗಳನ್ನು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ತಂದು ಹಾಕಿ, ನಿಮ್ಮ ತಾಯಿಯನ್ನು ನೀವೇ ನೋಡಿಕೊಳ್ಳಿ ಎಂಬಂತೆ ಹೊರಟರು. ಆದ್ದರಿಂದ ಯಾರಾದರೂ ಬಂದು, ಹಳೆಯ ಕಸುಬು ಎಷ್ಟು ಚೆಂದ, ಪರಿಸರಕ್ಕೆ ಎಷ್ಟು ಒಳ್ಳೆಯದು, ಮತ್ತೆ ಗುಡಾಣ ಹೂಡಿ ಅಂದರೆ ಅವರಿಗೆ ನಮ್ಮ ಉತ್ತರ ಒಂದೇ: ನೀವು ಹೂಡಿ, ಚಕ್ಕೆ ನಾವು ಮಾರುತ್ತೇವೆ.

ಆದರೆ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. ಗುಡಾಣ ಒಡೆದಾಗ ಅದರ ಜೊತೆಗಿದ್ದ ಅಜ್ಜಿಯ ಮದ್ದನ್ನೂ ನಾವು ಒಡೆದೆವು. ಶಾಲೆಗೆ ಹೋಗುವ ಹುಡುಗರ ಮೈಯಲ್ಲಿ ತಂಗಡಿ ವಾಸನೆ ಬರಬಾರದು ಅಂತ ತಾಯಂದಿರು ಅಂಗಡಿ ಸೋಪು ತಂದರು. ಅದು ಸರಿಯೇ. ಆ ವಾಸನೆ ಹಿಡಿದು ನಮ್ಮನ್ನು ಹಿಂದಿನ ಬೆಂಚಿನಲ್ಲೂ ಅಲ್ಲ, ಬಾಗಿಲ ಹತ್ತಿರ ಕೂರಿಸಿದ್ದರು. ಆದರೆ ನಾವು ನಾಚಿಕೆಯಿಂದ ಬಿಟ್ಟದ್ದನ್ನು ಬೇರೆಯವರು ನಾಚಿಕೆಯಿಲ್ಲದೆ ಎತ್ತಿಕೊಂಡರು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಈ ಹೂ ಹೊಳೆಯುವ ಪೊಟ್ಟಣದಲ್ಲಿ ಬರುತ್ತದೆ. ಮೇಲೆ ಜಟೆ ಬಿಟ್ಟ ಋಷಿಯ ಚಿತ್ರ. 'ಪುರಾತನ ಋಷಿಮುನಿಗಳ ಕೊಡುಗೆ', 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂಬ ಬರಹ. ತಂಗಡಿ ಪೊದೆಯಲ್ಲಿ ನಮ್ಮ ಅಜ್ಜಿಯರು ಯಾವ ಋಷಿಯನ್ನೂ ಕಂಡಿರಲಿಲ್ಲ. ಅಲ್ಲಿ ಕಂಡದ್ದು ಮುಳ್ಳು, ಹಾವು, ಫಾರೆಸ್ಟ್ ಗಾರ್ಡು.

ಆ ಪೊಟ್ಟಣ ನಮ್ಮ ಹಟ್ಟಿಗೂ ಬಂತು. ನಮಗೆ ವರಸೆಯಲ್ಲಿ ದೊಡ್ಡಪ್ಪ ಆಗಬೇಕಾದವರು ಒಬ್ಬರು, ಹುಡುಗಾಗಿದ್ದಾಗ ತಾತನ ಜೊತೆ ಚಕ್ಕೆ ಬಡಿದವರು, ಆಮೇಲೆ ಸಂತೆಯಲ್ಲಿ ಚಪ್ಪಲಿ ಹೊಲಿದವರು. ಅವರಿಗೆ ಸಕ್ಕರೆ ಕಾಯಿಲೆ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಮಾತ್ರೆ ನುಂಗುತ್ತಿದ್ದರು. ಸಂತೆಯಲ್ಲಿ ಒಬ್ಬ ಮೈಕು ಕಟ್ಟಿಕೊಂಡು, ಇಂಗ್ಲಿಷ್ ಮಾತ್ರೆ ಕಿಡ್ನಿ ತಿನ್ನುತ್ತದೆ, ಇದು ನಮ್ಮ ನೆಲದ ಮದ್ದು ಅಂತ ಕೂಗುತ್ತಿದ್ದ. ದೊಡ್ಡಪ್ಪ ಪೊಟ್ಟಣಕ್ಕೆ 120 ರೂಪಾಯಿ ಕೊಟ್ಟರು. ಮನೆಗೆ ಬಂದು ಬಿಚ್ಚಿ ಮೂಸಿ, "ಅರೆ, ಇದು ನಮ್ ತಂಗಡಿ ಕಣ್ರೋ" ಅಂತ ಸಂತೋಷಪಟ್ಟರು. ನಮ್ಮದೇ ಗಿಡ ಅಂದ ಮೇಲೆ ನಂಬಿಕೆ ಇನ್ನೂ ಹೆಚ್ಚಾಯಿತು. ಮಾತ್ರೆ ಬಿಟ್ಟರು. ಕಾಲಿನ ಬೆರಳಿಗೆ ಆದ ಒಂದು ಸಣ್ಣ ಗಾಯ ಒಣಗಲಿಲ್ಲ. ನೋವೂ ಗೊತ್ತಾಗಲಿಲ್ಲ. ದಾವಣಗೆರೆಗೆ ಕರೆದೊಯ್ದಾಗ ಎರಡು ಬೆರಳು ತೆಗೆದರು. ಊರಿಗೆಲ್ಲ ಅಳತೆ ತೆಗೆದು ಎಕ್ಕಡ ಹೊಲಿದ ಮನುಷ್ಯ ಈಗ ತನ್ನ ಕಾಲಿಗೆ ತಾನೇ ಬೇರೆ ಅಳತೆಯ ಚಪ್ಪಲಿ ಹೊಲಿದುಕೊಂಡಿದ್ದಾರೆ.

ಹಾಗಾದರೆ ತಂಗಡಿ ಹೂವಿನಲ್ಲಿ ಸಕ್ಕರೆ ಇಳಿಸುವ ಗುಣ ಇಲ್ಲವೇ? ಇರಬಹುದು. 2002ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು, ಔಷಧಿ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಈ ಹೂವಿನ ಸಾರವನ್ನು 30 ದಿನ ಕುಡಿಸಿ, ರಕ್ತದ ಸಕ್ಕರೆ ಇಳಿದದ್ದನ್ನು ಪ್ರಕಟಿಸಿದರು. ಅದು ಸುಳ್ಳಲ್ಲ. ಆದರೆ ಅದು ಇಲಿ. ನಮ್ಮ ದೊಡ್ಡಪ್ಪ ಇಲಿಯಲ್ಲ. ಎಷ್ಟು ಹೂ, ಎಷ್ಟು ದಿನ, ಯಾರಿಗೆ, ಯಾವ ಮಾತ್ರೆಯ ಜೊತೆ ಅನ್ನುವುದನ್ನು ಮನುಷ್ಯರಲ್ಲಿ ಅಳೆದು ತೂಗದೆ ಮದ್ದಾಗುವುದಿಲ್ಲ. ಮೇಲಾಗಿ 1981ರಲ್ಲೇ ಶ್ರೀಲಂಕಾದ ಸಂಶೋಧಕರು ಈ ಗಿಡದಲ್ಲಿ ಪೈರೊಲಿಝಿಡಿನ್ ಎಂಬ, ಈಲಿಗೆ, ಅಂದರೆ ಯಕೃತ್ತಿಗೆ, ಕೆಡುಕು ಮಾಡಬಲ್ಲ ಅಂಶ ಇರುವುದನ್ನು ತೋರಿಸಿದರು. 2004ರಲ್ಲಿ ಅಲ್ಲಿಯವರೇ, ಈ ಚಹಾ ಕುಡಿಸಿದ ಇಲಿಗಳಲ್ಲಿ ಮೂರ್ಛೆರೋಗದ ಕಾರ್ಬಮಝೆಪಿನ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುವುದನ್ನು ಕಂಡರು. ಪೊಟ್ಟಣದ ಮೇಲೆ ಋಷಿ ಇದ್ದ, ಈ ಮಾತು ಇರಲಿಲ್ಲ.

ದೊಡ್ಡಪ್ಪ ಬಿಟ್ಟ ಮಾತ್ರೆಯ ಕಥೆಯೂ ಗಿಡದ್ದೇ. ಮೆಟ್‌ಫಾರ್ಮಿನ್ ಎಂಬ ಆ ಮಾತ್ರೆಯ ಮೂಲ ಹುಡುಕಿದರೆ ಗಲೀಗಾ ಎಂಬ ಯೂರೋಪಿನ ಒಂದು ಗಿಡ ಸಿಗುತ್ತದೆ. ಅಲ್ಲಿನ ನಾಟಿ ವೈದ್ಯದಲ್ಲಿ ಅದರ ಬಳಕೆ ಇತ್ತು. ಆ ಗಿಡದೊಳಗಿನ ಅಂಶ ವಿಷ ಅಂತ ಗೊತ್ತಾಗಿ, ಅದರ ಜಾಡಿನಲ್ಲೇ ಕಡಿಮೆ ಕೆಡುಕಿನದನ್ನು ಹುಡುಕಿ, 1957ರಲ್ಲಿ ಜೀನ್ ಸ್ಟರ್ನ್ ಎಂಬ ಫ್ರೆಂಚ್ ವೈದ್ಯ ಮನುಷ್ಯರಲ್ಲಿ ಅದರ ಫಲ ತೋರಿಸಿದ. ಅಲ್ಲಿನ ಗಿಡ ಅಳತೆಗೆ ಬಂತು, ಮಾತ್ರೆಯಾಯಿತು. ನಮ್ಮ ಗಿಡ ಋಷಿಯ ಚಿತ್ರದ ಹಿಂದೆ ನಿಂತುಬಿಟ್ಟಿತು. ತಾತ ಬೆರಳದ್ದಿ ಒಗರು ನೋಡುತ್ತಿದ್ದನಲ್ಲ, ಸಾಲದಿದ್ದರೆ ಸಾಲದು ಅನ್ನುತ್ತಿದ್ದನಲ್ಲ, ಆ ಪರೀಕ್ಷೆಯ ಬುದ್ಧಿಗೂ ವಿಜ್ಞಾನಕ್ಕೂ ಜಗಳವಿಲ್ಲ. ಜಗಳ ಇರುವುದು ನೋಡದೆ ನಂಬು ಅನ್ನುವವರ ಜೊತೆ. ಅವರು ಹಿಂದೆ ಮಡಿ ಮಾರಿದರು, ಈಗ ಪೊಟ್ಟಣ ಮಾರುತ್ತಿದ್ದಾರೆ.

ಇನ್ನು ಕಾನೂನಿನ ಮಾತು. ಹೊರದೇಶದವರು ನಮ್ಮ ಗಿಡಮೂಲಿಕೆಗೆ ಪೇಟೆಂಟ್ ಪಡೆಯುವುದನ್ನು ತಡೆಯಲು 2001ರಲ್ಲಿ ಕೇಂದ್ರ ಸರ್ಕಾರ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಅದಕ್ಕೆ ಆಧಾರ ಆಯುರ್ವೇದ, ಸಿದ್ಧ, ಯುನಾನಿಯ ಗ್ರಂಥಗಳು. ಅಕ್ಷರವನ್ನೇ ಕೊಡದವರ ಜ್ಞಾನ ಗ್ರಂಥದಲ್ಲಿ ಎಲ್ಲಿಂದ ಬರಬೇಕು? 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಗಿಡದಿಂದ, ಅದರ ಜ್ಞಾನದಿಂದ ಲಾಭ ಮಾಡುವವರು ಅದನ್ನು ಕಾಪಾಡಿಕೊಂಡು ಬಂದ ಜನಕ್ಕೂ ಪಾಲು ಕೊಡಬೇಕು ಎಂಬ ತತ್ವ ಅದರಲ್ಲಿತ್ತು. 2023ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಗ್ರಂಥಸ್ಥವಾದ ಜ್ಞಾನ ಬಳಸುವವರಿಗೆ, ಆಯುಷ್ ವೈದ್ಯರಿಗೆ ವಿನಾಯಿತಿ ಕೊಟ್ಟರು. ಇದರ ಅರ್ಥವನ್ನು ಬಿಡಿಸಿ ನೋಡಿ. ತಂಗಡಿ ಆವರ್ತಕಿಯಾಗಿ ಪುಸ್ತಕದಲ್ಲಿದೆ, ಹಾಗಾಗಿ ಅದು ಗ್ರಂಥದ್ದು, ಪಾಲು ಕೇಳುವಂತಿಲ್ಲ. ಅಜ್ಜಿಯ ಬಾಯಲ್ಲಿದ್ದದ್ದು ಪುಸ್ತಕದಲ್ಲಿಲ್ಲ, ಹಾಗಾಗಿ ಅದಕ್ಕೆ ಸಾಕ್ಷಿ ಇಲ್ಲ. ಎರಡು ಕಡೆಯಿಂದಲೂ ಬಾಗಿಲು ಹಾಕಿದಂತಾಯಿತು.

ಒಂದು ಕಿಟಕಿ ಮಾತ್ರ ಉಳಿದಿದೆ. ಅದೇ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಊರಿನಲ್ಲಿ ಯಾವ ಗಿಡ ಇದೆ, ಅದನ್ನು ಯಾರು ಹೇಗೆ ಬಳಸುತ್ತಾರೆ ಅಂತ. ಕಚೇರಿಯಲ್ಲಿ ಕೂತು ಪುಸ್ತಕ ನೋಡಿ ತುಂಬಿದರೆ ಅದರಲ್ಲೂ ಆವರ್ತಕಿಯೇ ಬರುತ್ತದೆ, ತಂಗಡಿ ಬರುವುದಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಹಟ್ಟಿಗೊಬ್ಬರಂತೆ ಇನ್ನೂ ಅಂಥ ಹೆಂಗಸರಿದ್ದಾರೆ. ಅವರಿಗೆ ಪದ್ಮಶ್ರೀ ಬರುವುದಿಲ್ಲ. ಅವರು ಹೋದರೆ ಅವರ ಜೊತೆ ಅದೂ ಹೋಗುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ಈ ಕೆಲಸ ನಿಮ್ಮದು. ಪಂಚಾಯ್ತಿಗೆ ಹೋಗಿ ಆ ದಾಖಲಾತಿ ಪುಸ್ತಕವನ್ನು ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಅರ್ಜಿ ಬರೆದುಕೊಡಿ. ಇದ್ದರೆ ನಿಮ್ಮ ಹಟ್ಟಿಯ ಪುಟ ಅದರಲ್ಲಿ ಇದೆಯೇ ನೋಡಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಜ್ಜಿಯರ ಹತ್ತಿರ ಕೂತು ಬರೆದುಕೊಳ್ಳಿ. ಮುಕ್ಕಳಿಸಲು ಚಕ್ಕೆ, ಸ್ನಾನಕ್ಕೆ ಹೂ ಅಂತ ಬರೆಯಿರಿ. ಕಣ್ಣಿಗೆ ಬೀಜದ ಪುಡಿ ಹಾಕುವ ರೂಢಿ ಇದ್ದರೆ ಅದನ್ನೂ ಬರೆದು, ಕಣ್ಣಿಗೆ ಪುಡಿ ಹಾಕಬೇಡಿ, ಆಸ್ಪತ್ರೆಗೆ ಹೋಗಿ ಅಂತ ಅದೇ ದಿನ ಹೇಳಿ ಬನ್ನಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಬಿಡಬೇಡಿ ಅಂತ ಹೇಳಿ, ಅವರ ಕಾಲು ನೋಡಿ ಬನ್ನಿ. ಬಸುರಿಯರಿಗೆ, ಎಳೆ ಮಕ್ಕಳಿಗೆ ಯಾವ ಕಷಾಯವೂ ಡಾಕ್ಟರನ್ನು ಕೇಳದೆ ಬೇಡ ಅಂತ ಹೇಳಿ. ಔಷಧಗುಣ ಅಂದರೆ ಇದೂ ಸೇರಿದ್ದು.

ಬರೆಯುವಾಗ ಒಂದನ್ನು ಮಾತ್ರ ಬಿಡಬೇಡಿ. ಹೂವನ್ನು ಬರೆದು ಚಕ್ಕೆಯನ್ನು ಮರೆಯಬೇಡಿ. ಹೇಳಿದ ಅಜ್ಜಿ ಒಪ್ಪಿದರೆ ಅವಳ ಹೆಸರು ಬರೆಯಿರಿ, ಹಟ್ಟಿಯ ಹೆಸರು ಬರೆಯಿರಿ. ಉಪಯೋಗ ಎಂಬ ಕಲಮಿನಲ್ಲಿ, ಸ್ನಾನದ ಪುಡಿ, ಬಾಯಿ ಹುಣ್ಣಿನ ಕಷಾಯ ಅಂತ ಬರೆದ ಮೇಲೆ ಅದರ ಕೆಳಗೆ, ಅದೇ ಶಾಯಿಯಲ್ಲಿ, ತೊಗಲು ಹದ ಮಾಡಲು ಅಂತಲೂ ಬರೆಯಿರಿ.